ದಾಳಿಂಬೆಯ ಫೈಲು

ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ. ಯಾವತ್ತೂ ಇರಲಿಲ್ಲ. ಆದರೂ ನಮ್ಮ ಕಂಪ್ಯೂಟರಿನೊಳಗೆ ‘ಪ್ರಿಂಟರ್ ಹೆಲ್ಪರ್’ ಅನ್ನುವ ಪ್ರೋಗ್ರಾಮ್ ಒಂದು ಸೇರಿಕೊಂಡಿತ್ತು. ಅದನ್ನು ಕಂಡುಹಿಡಿಯಲು ನನಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮನೆಯಲ್ಲಿ ನಾನು ಕಳ್ಳಿಯಾಗಿದ್ದೆ.

ನಮ್ಮದು ಕಸೂತಿ ಮಷೀನಿನ ಮನೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಮಷೀನೇ ತುಂಬಿದೆ. ಉಳಿದ ಜಾಗದಲ್ಲಿ ಕಂಪ್ಯೂಟರಿನ ಮೇಜು, ದಾರದ ಕಪಾಟು, ಅಮ್ಮನ ಕುರ್ಚಿ. ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಯಾವ ಹೊಲಿಗೆ ಎಲ್ಲಿ, ಯಾವುದು ಮೊದಲು ಎಂದು ಗೊತ್ತುಮಾಡಿ, ಪೆನ್‌ಡ್ರೈವಿನಲ್ಲಿ ಒಯ್ದು ಮಷೀನಿಗೆ ಸಿಕ್ಕಿಸಿದರೆ ಸೂಜಿ ತಾನೇ ಓಡುತ್ತದೆ. ಡಿಸೈನು ಮಾಡುವವಳು ನಾನು. ಬಟ್ಟೆ ಬಿಗಿದು, ದಾರ ಕತ್ತರಿಸಿ, ಗಿರಾಕಿಗಳ ಹತ್ತಿರ ಮಾತಾಡುವವಳು ಅಮ್ಮ. ಮಾತಾಡುವುದು ನನಗೆ ಆಗಿಬರುವುದಿಲ್ಲ. ಯಾರಾದರೂ ಬಂದರೆ ಮಷೀನಿನ ಹಿಂದೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಎಲ್ಲವೂ ಕಾಣುತ್ತದೆ.

ಅಪ್ಪ ತೀರಿಕೊಂಡ ವರ್ಷ ಈ ಮಷೀನು ಬಂತು. “ಹುಡುಗಿ ಓದಿ ಏನಾಗಬೇಕಿದೆ ಅಕ್ಕ, ಮಷೀನಿಗೆ ಕೂರಿಸು” ಎಂದವರು ಸೋದರಮಾವ. ಒಂಬತ್ತನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟು ಕೂತೆ. ಅವತ್ತಿನಿಂದ ಮಾವನ ಬಾಯಲ್ಲಿ ನನ್ನ ಹೆಸರೇ ಒಂಬತ್ತನೇ ಕ್ಲಾಸು. ಹೊಸ್ತಿಲು ದಾಟುವ ಮೊದಲೇ, “ಏನಮ್ಮ ಒಂಬತ್ತನೇ ಕ್ಲಾಸು, ಈ ವರ್ಷನಾದ್ರೂ ಪಾಸಾಗ್ತೀಯಾ?” ಎನ್ನುತ್ತಾರೆ. ಅಮ್ಮ ನಗುತ್ತಾಳೆ. ತಮ್ಮ ಏನು ಹೇಳಿದರೂ ಅಮ್ಮನಿಗೆ ನಗು ಬರುತ್ತದೆ.

ಮಾವ ಅಂಗಡಿ ಅಂಗಡಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ತಮ್ಮ ಫೋನಿಗೆ ‘ಸಿಂಹ’ ಎಂದು ಹೆಸರಿಟ್ಟುಕೊಂಡಿದ್ದಾರೆ. ಒಮ್ಮೆ ನಮ್ಮ ಇಂಟರ್ನೆಟ್ ಕೆಟ್ಟಾಗ ಅವರ ಫೋನಿನಿಂದ ಕೊಡುತ್ತಾ, “ಅಲ್ಲಿ ಸಿಂಹ ಅಂತ ಬರುತ್ತೆ ನೋಡು, ಹೆದರಬೇಡ, ಒತ್ತು” ಎಂದಿದ್ದರು. ಅದಕ್ಕೂ ಅಮ್ಮ ನಕ್ಕಿದ್ದಳು.

ತೊಂದರೆ ಶುರುವಾದದ್ದು ಮಿಂಚುಳ್ಳಿ ಹಕ್ಕಿಯ ಬಾಗಿಲ ಪರದೆಯಿಂದ. ಎರಡು ವಾರ ಕೂತು ನೀಲಿಯೊಳಗೆ ಏಳು ಬಗೆಯ ನೀಲಿ ಸೇರಿಸಿ ಮಾಡಿದ ಡಿಸೈನು. ನಾವು ಮೊದಲ ಪರದೆ ಹೊಲಿದು ಮುಗಿಸುವಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ, ಮುಂಭಾಗವೆಲ್ಲ ಗಾಜಿರುವುದಕ್ಕೆ ನಾವು ಗಾಜಿನಂಗಡಿ ಎನ್ನುವ ಕಸೂತಿ ಅಂಗಡಿಯಲ್ಲಿ, ಅದೇ ಹಕ್ಕಿ ನೇತಾಡುತ್ತಿತ್ತು. ಕೊಕ್ಕಿನ ಬುಡದಲ್ಲಿ ನಾನು ತಪ್ಪಿ ಹಾಕಿದ ಒಂದು ಅಡ್ಡ ಹೊಲಿಗೆಯೂ ಇತ್ತು. ಆಮೇಲೆ ಮೇಜಿನ ಬಟ್ಟೆ, ಅದಾದ ಮೇಲೆ ಮಕ್ಕಳ ಹೊದಿಕೆಯ ಡಿಸೈನು ಹೋಯಿತು. ಇದರ ನಡುವೆ ಕಂಪ್ಯೂಟರು ಆಮೆಯಾಯಿತು. ಒಂದೆರಡು ಸಲ ನನ್ನ ಕೈ ಮೌಸಿನ ಮೇಲಿಲ್ಲದಾಗಲೂ ಕಂಪ್ಯೂಟರ್ ಪರದೆಯ ಮೇಲೆ ಬಾಣ ತಾನೇ ಅಲುಗಿತು.

“ವೈರಸ್ಸು” ಎಂದರು ಮಾವ. “ಸಿಕ್ಕಿದ್ದನ್ನೆಲ್ಲ ಒತ್ತಿದ್ರೆ ಇನ್ನೇನಾಗುತ್ತೆ? ಹೋಗು, ಒಂದು ಲೋಟ ನೀರು ತಗೊಂಡ್ ಬಾ.”

ತೆಗೆಯಲು ಬಂದಾಗಲೆಲ್ಲ ಕುರ್ಚಿಯಲ್ಲಿ ಕೂತ ಕೂಡಲೇ ಅವರಿಗೆ ಬಾಯಾರಿಕೆ. ನೀರು ತಂದಿಡುತ್ತಿದ್ದೆ. ಅವರು ಹೋದ ಮೇಲೆ ಲೋಟ ತೊಳೆಯಲು ಎತ್ತಿದರೆ ನೀರು ತುಂಬಿದಂತೆಯೇ ಇರುತ್ತಿತ್ತು. ನಾಲ್ಕು ಸಲ ಬಂದರು, ನಾಲ್ಕು ಲೋಟ ನೀರು ಗಿಡಕ್ಕೆ ಹೋಯಿತು.

ಹೊದಿಕೆಯ ಡಿಸೈನು ಹೋದ ದಿನ ಮಾವ ಅಮ್ಮನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಮಾತಾಡಿದರು. ಅವರ ಮೆಲ್ಲಗೆ ಅನ್ನುವುದು ಬೀದಿಗೆ ಕೇಳುತ್ತದೆ.

“ದಾರ ತರೋಕೆ ಅಂತ ಇವಳು ಹೋಗೋದು ಯಾವ ದಾರೀಲಿ? ಗಾಜಿನಂಗಡಿ ಮುಂದೇನೇ ಅಲ್ವಾ? ನಾನು ಹೇಳ್ತಿಲ್ಲ ಅಕ್ಕ, ನೀನೇ ಯೋಚನೆ ಮಾಡು.”

“ಅವಳು ಬಾಯಿ ಬಿಟ್ಟು ಮಾತಾಡೋದೇ ಇಲ್ವಲ್ಲೋ.”

“ಬಾಯಿ ಬಿಡದೇ ಇರೋರನ್ನೇ ನಂಬಬಾರದು.”

ಸಂಜೆ ಅಮ್ಮ ಮಷೀನಿನಿಂದ ಪೆನ್‌ಡ್ರೈವ್ ಕಿತ್ತು ತನ್ನ ಬೀಗದ ಕೈ ಗೊಂಚಲಿಗೆ ಸೇರಿಸಿಕೊಂಡಳು, ಅಷ್ಟೇ. ಆಮೇಲೆ ಹೊಲಿಗೆ ಶುರುಮಾಡುವಾಗಲೆಲ್ಲ ನಾನು ಕೈ ಚಾಚಿ ಕೇಳಬೇಕು. ಅವಳು ಗೊಂಚಲಿನಿಂದ ಬಿಡಿಸಿ ಕೊಟ್ಟು, ಪಕ್ಕದಲ್ಲೇ ನಿಂತು, ಕೆಲಸ ಮುಗಿದ ತಕ್ಷಣ ವಾಪಸ್ ತೆಗೆದುಕೊಳ್ಳುತ್ತಿದ್ದಳು. ಬೈದಿದ್ದರೆ ಎರಡು ದಿನ ಅತ್ತು ಮರೆಯುತ್ತಿದ್ದೆ.

ಅಷ್ಟರಲ್ಲಿ ಹೊಸ ಹೋಟೆಲಿನವರ ದಿಂಬಿನ ಚೀಲ, ಮೇಜಿನ ಬಟ್ಟೆಯ ಕೆಲಸ ಬಂತು. ನಮ್ಮಿಂದಲೂ ಗಾಜಿನಂಗಡಿಯಿಂದಲೂ ಸ್ಯಾಂಪಲ್ ಕೇಳಿದ್ದರು. ಮಾವ ಅಮ್ಮನ ಎದುರು ಕೂತು ಹೇಳಿದರು: “ಇದೂ ಕೈತಪ್ಪಿದ್ರೆ ಮಷೀನು, ಕಂಪ್ಯೂಟರು ಎರಡನ್ನೂ ನಮ್ಮನೆಗೆ ಸಾಗಿಸಿಬಿಡೋಣ ಅಕ್ಕ. ನನ್ನ ಮಗನ ಹೆಂಡತಿ ನೋಡ್ಕೋತಾಳೆ. ಇವಳನ್ನ ಅಂಗಿ ಗುಂಡಿ ಕಾರ್ಖಾನೆಗೆ ಸೇರಿಸಿದ್ರಾಯ್ತು. ಅಲ್ಲಿ ಒಂಬತ್ತನೇ ಕ್ಲಾಸೂ ಬೇಕಾಗಿಲ್ಲ.”

ಅಮ್ಮ ಬೆರಳಿಗೆ ದಾರ ಸುತ್ತಿದಳು. “ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಹೋಟೆಲಿನವರು ಹೇಳ್ತಾರೆ. ನೋಡೋಣ” ಎಂದಳು. ಈ ಸಲ ನಗಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಮಾರನೆಯ ದಿನ ಅಮ್ಮ ಬಟ್ಟೆ ತರಲು ಹೋದಾಗ ನಾನು ಮೊದಲು ಇಂಟರ್ನೆಟ್ಟಿನ ವೈರು ಕಿತ್ತೆ. ಒಳಗೆ ಯಾರಿದ್ದರೂ ಹೊರಗಿನವರ ಜೊತೆ ಮಾತಾಡಬಾರದು ಎಂದು. ಮಾವನೇ ಒಮ್ಮೆ ಅಂಗಡಿಯವರೊಬ್ಬರಿಗೆ ಫೋನಿನಲ್ಲಿ ಹೀಗೆ ಹೇಳಿಕೊಡುವುದನ್ನು ಮಷೀನಿನ ಹಿಂದಿನಿಂದ ಕೇಳಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಅವರು ಒಮ್ಮೆಯೂ ವೈರಿಗೆ ಕೈ ಹಾಕಿರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದು, ಬಂದ ತಾರೀಕಿನ ಪ್ರಕಾರ ಜೋಡಿಸಿದೆ. ಒಂದೊಂದೇ ಓದಿಕೊಂಡು ಇಳಿದೆ. ‘ಪ್ರಿಂಟರ್ ಹೆಲ್ಪರ್’ ಹತ್ತಿರ ಬೆರಳು ನಿಂತಿತು. ತಾರೀಕು ನೋಡಿದೆ. ಅಮ್ಮ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ಬಂದ ದಿನ. ಅವತ್ತು ಮಾವ ಮೊದಲ ಸಲ ‘ಕಂಪ್ಯೂಟರ್ ಕ್ಲೀನ್ ಮಾಡಲು’ ಬಂದಿದ್ದರು. ನಾನು ಮೊದಲ ಲೋಟ ನೀರು ತಂದಿದ್ದೆ.

ತೆರೆದರೆ ಚಿಕ್ಕದೊಂದು ಕಿಟಕಿ ಬಂತು. ಎಲ್ಲೋ ಕೂತು ಫೋನಿನಿಂದಲೇ ಈ ಕಂಪ್ಯೂಟರ್ ನೋಡಲು, ಫೈಲು ಎಳೆದುಕೊಳ್ಳಲು ಬರುವಂಥ ಪ್ರೋಗ್ರಾಮ್ ಅದು. ಈ ಕಂಪ್ಯೂಟರನ್ನು ಕೊನೆಯ ಸಲ ನೋಡಿದ ಫೋನು: ಸಿಂಹ. ಹಿಂದಿನ ದಿನ, ಬೆಳಿಗ್ಗೆ ಹನ್ನೊಂದು ಹತ್ತು. ಆಗ ನಾನು ಇದೇ ಕುರ್ಚಿಯಲ್ಲಿ ಕೂತು ಕರವಸ್ತ್ರಕ್ಕೆ ಬಳ್ಳಿ ಬಿಡಿಸುತ್ತಿದ್ದೆ. ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ. ದಾರದ ಕಪಾಟು ಮಾತ್ರ ಇತ್ತು.

ತೆಗೆದುಹಾಕಲು ಒತ್ತಿದರೆ ಪಾಸ್‌ವರ್ಡ್ ಕೇಳಿತು. ಹಾಕಿದವರಿಗೆ ಬಿಟ್ಟು ಇನ್ನೊಬ್ಬರಿಗೆ ತೆಗೆಯಲು ಬರದಂಥ ಬೀಗ.

ಅಮ್ಮನಿಗೆ ತೋರಿಸಬಹುದಿತ್ತು. ತೋರಿಸಿದರೆ ಅಮ್ಮ ಏನು ಮಾಡುತ್ತಾಳೆ ಎನ್ನುವುದೂ ಗೊತ್ತಿತ್ತು. ತಮ್ಮನಿಗೆ ಫೋನು ಮಾಡುತ್ತಾಳೆ. ಅವರು ಬಂದು ನಾಲ್ಕು ಇಂಗ್ಲಿಷ್ ಮಾತಾಡಿ, ಎಲ್ಲದಕ್ಕೂ ಬೇರೆ ಅರ್ಥ ಹೇಳಿ, ನನ್ನನ್ನು ನೀರಿಗೆ ಕಳಿಸುತ್ತಾರೆ. ಕೊನೆಗೆ ಅಮ್ಮ ನಗುತ್ತಾಳೆ. ಆ ನಗು ನನಗೆ ಬೇಡವಾಗಿತ್ತು. ಆ ಬೀಗವನ್ನು ಅವರ ಕೈಯಿಂದಲೇ, ಅಮ್ಮನ ಕಣ್ಣೆದುರೇ ತೆಗೆಸಬೇಕಿತ್ತು.

ವೈರನ್ನು ವಾಪಸ್ ಸಿಕ್ಕಿಸಿದೆ.

ಸ್ಯಾಂಪಲ್ ಕೇಳಲು ಬಂದಿದ್ದ ಹೋಟೆಲಿನ ಮೇಲ್ವಿಚಾರಕಿ ಒಂದು ಮಾತು ಹೇಳಿದ್ದರು. “ನಾನು ಯಾವ ಬಟ್ಟೆನೂ ಮೂರು ಸಲ ಮಷೀನಿಗೆ ಹಾಕಿ ಒಗೆಯದೆ ಒಪ್ಪಲ್ಲ ಕಣ್ರಿ. ಹೊಸದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತೆ.” ಅಮ್ಮ ತಲೆಯಾಡಿಸಿದ್ದಳು. ನಾನು ಹಿಂದೆ ನಿಂತು ಕೇಳಿಸಿಕೊಂಡಿದ್ದೆ.

ದಾಳಿಂಬೆ ಡಿಸೈನು ಶುರುಮಾಡಿದೆ. ಬಾಗಿದ ಕೊಂಬೆ, ಒಡೆದ ಹಣ್ಣು, ಒಳಗೆ ಕೆಂಪು ಕಾಳು. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಪರದೆಯ ಮೇಲೆ ಕಾಣುವುದು ಮೇಲಿನ ಒಂದು ಪದರ ಮಾತ್ರ. ಅದರ ಅಡಿಯಲ್ಲಿ, ಹಣ್ಣಿನ ಅಂಚಿನ ಸುತ್ತ, ಒಂದರ ಮೇಲೊಂದು ಐದು ಪದರ ಹೊಲಿಗೆ ಹಾಕಿದೆ, ಎಲ್ಲವೂ ಅದೇ ಗೆರೆಯಲ್ಲಿ, ಅದೇ ಚುಕ್ಕಿಗಳಲ್ಲಿ. ಸೂಜಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಇಳಿದರೆ ಬಟ್ಟೆ ಅಂಚೆಚೀಟಿಯ ಅಂಚಿನ ಹಾಗಾಗುತ್ತದೆ. ದಪ್ಪ ಬಟ್ಟೆ ತಡೆದುಕೊಳ್ಳುತ್ತದೆ. ತೆಳುವಾದ ದಿಂಬಿನ ಚೀಲ ದಾರದ ಬಲದಲ್ಲಿ ನಾಲ್ಕು ದಿನ ನಿಲ್ಲುತ್ತದೆ, ಒಗೆದರೆ ಬಿಟ್ಟುಕೊಡುತ್ತದೆ. ಇದು ಮಷೀನಿಗೆ ಕೂತವರಿಗೆ ಗೊತ್ತು. ಕಿಟಕಿಯಿಂದ ಇಣುಕಿ ಕದ್ದವರಿಗೆ ಗೊತ್ತಿಲ್ಲ.

ಗಾಜಿನಂಗಡಿಯಲ್ಲೂ ನನ್ನಂಥವಳೇ ಒಬ್ಬಳು ಮಷೀನಿಗೆ ಕೂತಿರುತ್ತಾಳೆ. ಬೇಗ ಮುಗಿಸು ಎಂದು ಅವಳ ತಲೆಯ ಮೇಲೆ ನಿಂತಿರುತ್ತಾರೆ. ಇಷ್ಟು ಒತ್ತಾದ ಹೊಲಿಗೆ ಯಾಕೆ ಎಂದು ಕೇಳಲು ಬಾಯಿ ತೆರೆದರೂ ಮುಚ್ಚಿಸುತ್ತಾರೆ. ಆಮೇಲೆ ಬೈಗುಳ ಅವಳಿಗೂ ಬೀಳುತ್ತದೆ. ಇದನ್ನೆಲ್ಲ ಯೋಚಿಸಿದೆ. ಯೋಚಿಸಿಯೂ ಫೈಲಿಗೆ ‘ಹೋಟೆಲ್ ಫೈನಲ್’ ಎಂದು ಹೆಸರು ಕೊಟ್ಟು ಉಳಿಸಿದೆ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಕೈ ಕಟ್ಟಿಕೊಂಡು ಇಂಟರ್ನೆಟ್ ಡಬ್ಬಿಯ ಹಸಿರು ದೀಪ ನೋಡುತ್ತಾ ಕೂತೆ. ಮನೆಯಲ್ಲಿ ಯಾರೂ ಇಂಟರ್ನೆಟ್ ಬಳಸುತ್ತಿರಲಿಲ್ಲ. ದೀಪ ಹುಚ್ಚು ಹಿಡಿದಂತೆ ಮಿಟುಕಿತು, ಎರಡು ನಿಮಿಷ. ಆಮೇಲೆ ತಣ್ಣಗಾಯಿತು.

ನಿಜವಾದ ಸ್ಯಾಂಪಲ್ಲು ಬೇರೆ. ಆಮೇಲೆ ಮೂರು ದಿನ ವೈರು ಕಿತ್ತಿಟ್ಟು ಹುಲ್ಲಿನ ತೆನೆಗಳ ಡಿಸೈನು ಮಾಡಿದೆ. ಅಮ್ಮನ ಗೊಂಚಲಿನ ಪೆನ್‌ಡ್ರೈವಿಗೆ ಹಾಕಿ, ಅಮ್ಮನ ಕಣ್ಣೆದುರೇ ಹೊಲಿದು, ಕಂಪ್ಯೂಟರಿನಿಂದ ಅಳಿಸಿದೆ. “ತೆನೆ ಚೆನ್ನಾಗಿದೆ” ಎಂದಳು ಅಮ್ಮ. ತಾನೇ ಹೋಗಿ ಹೋಟೆಲಿಗೆ ಕೊಟ್ಟು ಬಂದಳು.

ಆ ಸೋಮವಾರ ಹತ್ತು ಗಂಟೆಗೆ ಮಾವ ಬಂದರು. ಮುಖದಲ್ಲಿ ಬೇಸರವಿತ್ತು, ಕಾಲಲ್ಲಿ ಮಾತ್ರ ಅವಸರ. ಕೂರುವ ಮೊದಲೇ ಮಷೀನಿನ ಅಳತೆ ನೋಡುವವರಂತೆ ಸುತ್ತ ಒಂದು ಸಲ ತಿರುಗಿದರು.

“ಹೋಟೆಲಿಂದ ಫೋನ್ ಬಂತಾ ಅಕ್ಕ?”

“ಇನ್ನೂ ಇಲ್ಲ.”

“ಬರೋದೂ ಇಲ್ಲ ಬಿಡು.” ನಿಟ್ಟುಸಿರು ಬಿಟ್ಟರು. “ನಿನಗೆ ಹೇಗೆ ಹೇಳಲಿ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ಈ ಒಂಬತ್ತನೇ ಕ್ಲಾಸಿಗೆ ಹೊಲಿಗೆ ಎಷ್ಟು ಹಾಕಬೇಕು ಅನ್ನೋದೇ ಗೊತ್ತಿಲ್ಲ. ಒಗೆದರೆ ದಾಳಿಂಬೆ ಎಲ್ಲ ಉದುರಿ ಹೋಗಿ ಚೀಲದ ತುಂಬ ತೂತು. ಇಂಥ ಕೈಗೆ ಮಷೀನು ಕೊಟ್ಟು ಕೂತಿದೀಯಲ್ಲ.”

ಅಮ್ಮನ ಕತ್ತರಿ ನಿಂತಿತು.

“ಯಾವ ದಾಳಿಂಬೆ?”

“ಅದೇ, ನೀವು ಹೋಟೆಲಿಗೆ ಕೊಟ್ಟಿದ್ದು.”

“ನಾವು ಕೊಟ್ಟಿದ್ದು ಹುಲ್ಲಿನ ತೆನೆ ಕಣೋ. ನಾನೇ ಕೊಟ್ಟು ಬಂದೆ.”

ಮಾವ ನನ್ನ ಕಡೆ ನೋಡಿದರು. ನಾನು ಮಷೀನಿನ ಹಿಂದಿನಿಂದ ಈಚೆ ಬಂದೆ. ಈ ಮಾತುಗಳನ್ನು ಒಂದು ವಾರದಿಂದ ಪಾತ್ರೆ ತೊಳೆಯುವಾಗ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ.

“ದಾಳಿಂಬೆನ ನಾನು ಹೊಲಿದಿಲ್ಲಮ್ಮ. ಯಾರಿಗೂ ತೋರಿಸಿಲ್ಲ, ನಿನಗೂ ಇಲ್ಲ. ಅದು ಇರೋದು ಈ ಕಂಪ್ಯೂಟರಿನಲ್ಲಿ ಮಾತ್ರ.”

“ಗಾಜಿನಂಗಡಿಯಲ್ಲಿ ನೋಡಿದೆ” ಎಂದರು ಮಾವ. “ಅವರ ಸ್ಯಾಂಪಲ್ಲು. ಅದನ್ನೇ ನಾನು…”

“ಅವರದ್ದಾದ್ರೆ ನನ್ನ ಹೊಲಿಗೆ ಯಾಕೆ ಬೈದ್ರಿ ಮಾವ?”

ಅಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

ನಾನು ಕಂಪ್ಯೂಟರಿನ ಕುರ್ಚಿ ಎಳೆದೆ. “ವೈರಸ್ ಇದೆ ಮಾವ. ನೀವೇ ತೆಗೀರಿ. ನನಗೆ ಬರಲ್ಲ.” ಆ ಚಿಕ್ಕ ಕಿಟಕಿಯನ್ನೂ ಪ್ರೋಗ್ರಾಮುಗಳ ಪಟ್ಟಿಯನ್ನೂ ಮೊದಲೇ ತೆರೆದಿಟ್ಟಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸಿಂಹ. ಪಕ್ಕದ ಪಟ್ಟಿಯಲ್ಲಿ ಆ ಪ್ರೋಗ್ರಾಮ್ ಬಂದ ತಾರೀಕನ್ನೂ ಓದಿ, ನಾಲಿಗೆಯಿಂದ ಹಲ್ಲು ಕಿತ್ತ ಜಾಗ ಮುಟ್ಟಿ ನೋಡಿಕೊಂಡಳು.

“ಇದು ಯಾರೋ…” ಎಂದು ಶುರುಮಾಡಿದರು ಮಾವ.

“ತೆಗಿ” ಎಂದಳು ಅಮ್ಮ.

“ಪಾಸ್‌ವರ್ಡ್ ಕೇಳುತ್ತೆ ಅಕ್ಕ. ನನಗೆ ಹೇಗೆ ಗೊತ್ತಿರುತ್ತೆ?”

“ಪರವಾಗಿಲ್ಲ” ಎಂದೆ ನಾನು. “ಈ ಕಂಪ್ಯೂಟರನ್ನ ಹೀಗೇ ಎತ್ಕೊಂಡು ಗಾಜಿನಂಗಡಿಗೆ ಹೋಗ್ತೀವಿ. ದಾಳಿಂಬೆ ತಂದುಕೊಟ್ಟೋರು ಯಾರು ಅಂತ ಅವರನ್ನೇ ಕೇಳ್ತೀವಿ. ತೂತು ಬಿದ್ದ ಚೀಲ ಇಟ್ಕೊಂಡು ಅವರೂ ಹುಡುಕ್ತಿರ್ತಾರೆ.”

ನಾನು ಅವರೆದುರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೀಬೋರ್ಡಿನ ಪಕ್ಕ ಇಟ್ಟೆ. ಈ ಸಲ ಯಾರೂ ಕೇಳಿರಲಿಲ್ಲ. ಮಾವ ಅದನ್ನು ತಳ ಕಾಣುವವರೆಗೆ ಕುಡಿದರು. ಆಮೇಲೆ ಬೆರಳಿಟ್ಟು ಒತ್ತಿದರು. ಪರದೆಯ ಮೇಲೆ ಏಳು ಕಪ್ಪು ಚುಕ್ಕಿಗಳು ಬಂದವು. ಕಿಟಕಿ ಮುಚ್ಚಿತು. ತೆಗೆದುಹಾಕಲಾಗಿದೆ ಎಂದು ಬಂತು.

“ಒಂದೇ ಸಲಕ್ಕೆ ಸರಿಹೋಯ್ತಲ್ಲೋ” ಎಂದಳು ಅಮ್ಮ.

ಅವರು ಎದ್ದು ಚಪ್ಪಲಿ ಹುಡುಕುವಾಗ ನನಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು: ಪಾಸಾದ್ರಿ ಮಾವ. ಹೇಳಲಿಲ್ಲ. ಈಗಲೂ ಅದೊಂದೇ ಕೊರಗು.

ಅವರು ಹೋದ ಮೇಲೆ ಎಲ್ಲ ಪಾಸ್‌ವರ್ಡು ಬದಲಾಯಿಸಿದೆ, ಇಂಟರ್ನೆಟ್ ಡಬ್ಬಿಯದ್ದೂ ಸೇರಿಸಿ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೆರಡು ಸಲ ಓದಿದೆ. ಮಧ್ಯಾಹ್ನ ಹೋಟೆಲಿನವರ ಫೋನು ಬಂತು. ತೆನೆ ಮೂರು ಒಗೆತ ತಡೆದಿತ್ತು. ಅಮ್ಮ ಫೋನಿಟ್ಟು ಬಂದು, ಗೊಂಚಲಿನಿಂದ ಪೆನ್‌ಡ್ರೈವ್ ಬಿಡಿಸಿ ಮಷೀನಿನ ಮೇಲೆ, ನನ್ನ ಕೈಗೆಟುಕುವ ಹಾಗೆ ಇಟ್ಟಳು. ಏನೋ ಹೇಳಲು ಬಾಯಿ ತೆರೆದಳು.

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ತಲೆ ಎತ್ತಲಿಲ್ಲ. ಪೆನ್‌ಡ್ರೈವ್ ಸಂಜೆಯವರೆಗೂ ಅಲ್ಲೇ ಇತ್ತು. ಅಮ್ಮ ಮೂರು ಸಲ ಬಂದು ನೋಡಿ ಹೋದಳು. ನಾಲ್ಕನೇ ಸಲ ಬಂದಾಗ ತೆಗೆದುಕೊಂಡೆ.