ಲೀಸ್ ದುಡ್ಡು ಬರುವವರೆಗೆ

ಸೌಂದರ್ಯಾಳ ಒಂದು ಜಡೆ ಮುಗಿದಿತ್ತು. ಇನ್ನೊಂದು ಕಡೆಯ ಕೂದಲಿಗೆ ಎಣ್ಣೆ ಸವರಿ, ಮೂರು ಎಳೆ ಮಾಡಿ ಹಿಡಿದಿದ್ದಳು ಕಾವೇರಿ. ಅಷ್ಟರಲ್ಲಿ ಕೆಳಗಿನಿಂದ ಮನೆ ಓನರಮ್ಮ ಆಂಜನಮ್ಮ ಕೂಗಿದರು.

"ಕಾವೇರೀ, ಮನೆ ನೋಡಕ್ಕೆ ಬಂದವ್ರೆ ಕಣಮ್ಮಾ! ಮೇಲಕ್ಕೆ ಕಳಿಸ್ಲಾ?"

"ಎರಡೇ ನಿಮಿಷ ಆಂಟಿ!"

ಹಿಡಿದ ಕೂದಲು ಕೈಯಿಂದ ಜಾರಿತು. ಕಾವೇರಿ ಒಲೆಯ ಮೇಲಿನ ಅನ್ನ ಇಳಿಸಿದಳು, ಹಾಸಿಗೆ ಸುತ್ತಿಟ್ಟಳು, ಗೋಡೆಯ ತೇವದ ಕಲೆಗೆ ಅಡ್ಡವಾಗಿ ಅಕ್ಕಿ ಡ್ರಮ್ ಎಳೆದಳು. "ಇಲ್ಲೇ ಕೂತಿರು ಪುಟ್ಟಾ, ಬಂದವ್ರು ಹೋದ್ಮೇಲೆ ಹಾಕ್ತೀನಿ," ಎಂದಳು ಮಗಳಿಗೆ.

ಅತ್ತೆ ಜಟ್ಟೆಮ್ಮ ಕೈಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. "ಬಂದವ್ರು ಗ್ವಾಡಿ ನೋಡ್ತಾರ, ನಿನ್ನ ಮಾರಿನೂ ನೋಡ್ತಾರ. ಸತ್ತೋರ ಮನ್ಯಾಗ ನಿಂತಂಗ ನಿಲ್ಲಬ್ಯಾಡ. ನಗು ಸ್ವಲ್ಪ," ಎಂದಳು.

ಕಾವೇರಿ ನಕ್ಕಳು. ನಗು ಬರಲಿಲ್ಲ ಎಂದು ಅವಳಿಗೇ ಗೊತ್ತಾಯಿತು.

ಅವಳ ಗಂಡ ದುರ್ಗೇಶ ಎಸಿ ಮೆಕ್ಯಾನಿಕ್. ಶಿವಾಜಿನಗರದಲ್ಲಿ ಅವನು ಕೆಲಸ ಮಾಡುತ್ತಿದ್ದ ಅಂಗಡಿ ಹೋದ ವರ್ಷ ಬಾಗಿಲು ಹಾಕಿತು. ಅಂದಿನಿಂದ ಸಿಕ್ಕಿದ ದಿನ ಕೆಲಸ, ಸಿಗದ ದಿನ ಇಲ್ಲ. ಅದೇ ಅಂಗಡಿಯಲ್ಲಿ ಜೊತೆಗಿದ್ದ ಫಹೀಮ್ ಈಗ ಮಸ್ಕತ್‌ನಲ್ಲಿದ್ದಾನೆ. ಅಲ್ಲಿಯ ಒಂದು ಹಾಸ್ಟೆಲಿನಲ್ಲಿ ಗಂಡ ಹೆಂಡತಿ ಜೋಡಿಯೇ ಬೇಕೆಂದು ಕೇಳಿದಾಗ ಅವನು ಇವರ ಹೆಸರು ಹೇಳಿದ. ಮಷಿನುಗಳನ್ನು ನೋಡಿಕೊಳ್ಳಲು ದುರ್ಗೇಶ, ಅಡುಗೆಮನೆಗೆ ಕಾವೇರಿ, ಇರಲು ಒಂದು ರೂಮು. ಇಬ್ಬರ ಟಿಕೆಟ್ಟು ಹಾಸ್ಟೆಲಿನವರದೇ. ಮಕ್ಕಳನ್ನು ಕರೆತರುವುದಾದರೆ ಖರ್ಚು ನಿಮ್ಮದು. ಇಬ್ಬರಲ್ಲಿ ಒಬ್ಬರು ಬರದಿದ್ದರೆ ಕೆಲಸ ಬೇರೆ ಜೋಡಿಗೆ.

ಕಾವೇರಿಗೆ ಆ ಖರ್ಚಿನ ಲೆಕ್ಕವೆಲ್ಲ ಬಾಯಿಪಾಠ. ಪಾತ್ರೆ ತೊಳೆಯುವಾಗ, ನೀರು ಹಿಡಿಯುವಾಗ, ಕೂಸಿಗೆ ಹಾಲು ಕುಡಿಸುವಾಗ ಅದನ್ನು ಮತ್ತೆ ಮತ್ತೆ ಕೂಡಿ ಕಳೆದಿದ್ದಳು. ಹೊಸ ಸೂಟ್‌ಕೇಸ್ ಬೇಡ, ತಂಗಿಯ ಮನೆಯ ಹಳೆಯದು ಸಾಕು. ಕುಕ್ಕರ್ ಇಲ್ಲಿಂದಲೇ ಒಯ್ದರಾಯಿತು. ಕೂಸಿನ ಟಿಕೆಟ್ಟು ದೊಡ್ಡದೇನಲ್ಲ, ಹಾಲು ಕುಡಿಯುವ ಮಗು, ಮಡಿಲಲ್ಲೇ ಹೋಗುತ್ತದೆ. ಹೀಗೆ ಒಂದೊಂದನ್ನೂ ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಬಹುದಿತ್ತು. ಸೌಂದರ್ಯಾಳ ಪಾಲು ಮಾತ್ರ ಚಿಕ್ಕದಾಗುತ್ತಿರಲಿಲ್ಲ. ಪೂರ್ತಿ ಟಿಕೆಟ್ಟು, ವೀಸಾ, ಅಲ್ಲಿಯ ಶಾಲೆಯ ಫೀಸು. ಅದಷ್ಟಕ್ಕೂ ಲೀಸ್ ದುಡ್ಡೇ ಗತಿ.

ಲಿಂಗರಾಜಪುರದ ಈ ಮನೆಗೆ ಅವರು ತಿಂಗಳ ಬಾಡಿಗೆ ಕೊಡುತ್ತಿರಲಿಲ್ಲ. ಬರುವಾಗಲೇ ಓನರ್ ಮುನಿಆಂಜನಪ್ಪನವರ ಕೈಯಲ್ಲಿ ಏಳು ಲಕ್ಷ ಇಟ್ಟಿದ್ದರು. ಜಟ್ಟೆಮ್ಮ ರಾಯಚೂರು ಕಡೆಯಿಂದ ಬಂದು ಕಟ್ಟಡಗಳಲ್ಲಿ ಗಾರೆ ಹೊತ್ತ ಕೂಲಿ, ಕಾವೇರಿಯ ಸರ, ಚೀಟಿ ಎತ್ತಿದ್ದು, ಎಲ್ಲ ಸೇರಿ ಆ ಏಳು. ಮನೆ ಬಿಡುವಾಗ ಅಷ್ಟೂ ವಾಪಸ್ ಬರಬೇಕು. ಆದರೆ ಆ ದುಡ್ಡನ್ನು ಯಾವ ಓನರೂ ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಹೊಸಬರು ಬಂದು ಕೊಟ್ಟರೆ ಅದನ್ನೇ ಹಳಬರಿಗೆ ಕೊಡುತ್ತಾರೆ. ಹಳಬರೂ ದುಡ್ಡು ಕೈಗೆ ಬರುವ ತನಕ ಬೀಗದ ಕೈ ಬಿಡುವುದಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಕೂತೇ ಇರುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಗಂಡ ಹೆಂಡತಿ ಲೆಕ್ಕ ಶುರು ಮಾಡುವಾಗ, ಬ್ಯಾಂಕಿನಲ್ಲಿ ಇರುವ ದುಡ್ಡಿನ ಹಾಗೆ, ಆ ಏಳು ಲಕ್ಷವನ್ನೇ ಮೊದಲು ಹೇಳಿಕೊಂಡಿದ್ದರು.

ನಾಲ್ಕೈದು ಕಡೆಯವರು ಬಂದು ನೋಡಿ ಹೋಗಿದ್ದರು. ಹೊರಡುವುದು ಮುಂದಿನ ವಾರ. ಈಗ ಮೆಟ್ಟಿಲು ಹತ್ತುತ್ತಿರುವವರೇ ಕೊನೆಯವರು.

ಮುಂದೆ ಮುನಿಆಂಜನಪ್ಪ ಏದುಸಿರು ಬಿಡುತ್ತ ಬಂದರು. ಹಿಂದೆ ಆದಿಲಕ್ಷ್ಮಿ ಎಂಬ ಹೆಂಗಸು, ಅವಳ ಗಂಡ. ಹಾಲು ತರಲು ಹೋಗಿದ್ದ ದುರ್ಗೇಶನೂ ಅವರ ಬೆನ್ನಿಗೇ ಬಂದ.

"ಗಾಳಿ ಬೆಳಕು ನೋಡ್ಕಳಿ ತಾಯಿ," ಮುನಿಆಂಜನಪ್ಪ ಕಿಟಕಿ ತೆರೆದರು. "ಹಿಂದೆ ಇದೆಲ್ಲ ನಮ್ಮ ಹೊಲ. ಇಲ್ಲಿ ನಿಂತ್ರೆ ಕೆರೆ ಕಾಣೋದು."

"ಈಗ ಏನು ಕಾಣ್ತದೆ?" ಆದಿಲಕ್ಷ್ಮಿಯ ಗಂಡ ಕೇಳಿದ.

"ಈಗ ಎದುರುಮನೆಯವ್ರ ಟಿವಿ ಕಾಣ್ತದೆ."

ಎಲ್ಲರೂ ನಕ್ಕರು. ಕಾವೇರಿಗೆ ಒಂದು ಗಳಿಗೆ ಆಸೆ ಹುಟ್ಟಿತು. ನಗುವವರು ಒಪ್ಪಿಯಾರು.

ಆದಿಲಕ್ಷ್ಮಿ ಬಚ್ಚಲು ನೋಡಿದಳು, ನಲ್ಲಿ ತಿರುಗಿಸಿದಳು. ದೊಡ್ಡವರು ಹೇಳುವುದನ್ನು ನಂಬದವಳಂತೆ, ಮೂಲೆಯಲ್ಲಿ ಒಂದೇ ಜಡೆಯಲ್ಲಿ ಕೂತಿದ್ದ ಸೌಂದರ್ಯಾಳನ್ನು ತನ್ನ ತಮಿಳಿನಲ್ಲೇ ಕೇಳಿದಳು:

"ಪಾಪಾ, ಇಂಗೆ ತಣ್ಣಿ ನಲ್ಲಾ ವರುಮಾ?"

"ಒರು ನಾಳ್ ವಿಟ್ಟು ಒರು ನಾಳ್ ವರುಂ ಆಂಟಿ," ಎಂದಳು ಸೌಂದರ್ಯಾ. "ಮೋಟರ್ ಪೋಟ್ಟಾದಾನ್ ಮೇಲೆ ಏರುಂ."

ದಿನ ಬಿಟ್ಟು ದಿನ ನೀರು, ಮೋಟರ್ ಹಾಕಿದರೆ ಮಾತ್ರ ಮೇಲಕ್ಕೆ. ಸರಾಗವಾಗಿ, ಒಂದು ತೊದಲೂ ಇಲ್ಲದೆ ಹೇಳಿದಳು.

ಕಾವೇರಿ ತಿರುಗಿ ಮಗಳನ್ನು ನೋಡಿದಳು. ಅವಳೂ ದುರ್ಗೇಶನೂ ಬೆಳೆದದ್ದು ಮರ್ಫಿ ಟೌನಿನ ವಠಾರದಲ್ಲಿ. ಇಬ್ಬರಿಗೂ ತಮಿಳು ನೀರು ಕುಡಿದ ಹಾಗೆ. ಮಗಳ ಕಿವಿಗೆ ಬೀಳಬಾರದ್ದನ್ನೆಲ್ಲ ಅವರು ತಮಿಳಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮಗಳು ಇದೇ ಬೀದಿಯ ತಮಿಳು ಮಕ್ಕಳ ಜೊತೆ ಆಡಿ ಬೆಳೆದವಳೆಂಬುದು ಅವರಿಗೆ ಹೊಳೆದೇ ಇರಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ, ಮಗಳ ತಟ್ಟೆಗೆ ಸಾರು ಬಡಿಸುತ್ತಲೇ ದುರ್ಗೇಶ ಹೇಳಿದ್ದ, ತಮಿಳಿನಲ್ಲಿ: ದುಡ್ಡು ಬರದಿದ್ದರೆ ಅವ್ವ ಮನೆ ಹಿಡಿದುಕೊಂಡು ಇರಲಿ, ಸೌಂದರ್ಯಾನೂ ಇರಲಿ. ಮುದುಕಿ ಒಬ್ಬಳೇ ಇದ್ದರೆ ಓನರ್ ಏನಾದರೂ ಹೇಳಿ ಎಬ್ಬಿಸಿಯಾನು, ಓದುವ ಹುಡುಗಿ ಇರುವ ಮನೆ ಖಾಲಿ ಮಾಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಸೌಂದರ್ಯಾ ತಲೆ ಬಗ್ಗಿಸಿ ಊಟ ಮಾಡುತ್ತಿದ್ದಳು. ಆಮೇಲೆ ತನ್ನ ತಟ್ಟೆ ತಾನೇ ತೊಳೆದಿಟ್ಟಿದ್ದಳು.

"ಮನೆ ಚೆನ್ನಾಗಿದೆ ಸಾರ್," ಆದಿಲಕ್ಷ್ಮಿಯ ಗಂಡ ಹೇಳುತ್ತಿದ್ದ. "ಆದ್ರೆ ಲೀಸ್ ಬೇಡ. ನಮ್ಮಕ್ಕ ಲೀಸಿಗೆ ಹಾಕಿದ್ ದುಡ್ಡು ಇನ್ನೂ ಬಂದಿಲ್ಲ, ಅಲೀತಾನೇ ಅವ್ಳೆ. ತಿಂಗಳ ಬಾಡಿಗೆ ಅಂದ್ರೆ ಇವತ್ತೇ ಅಡ್ವಾನ್ಸ್ ಕೊಡ್ತೀವಿ."

"ಬಾಡಿಗೆಗೆ ಕೊಟ್ರೆ ಇವ್ರಿಗೆ ನಾನೆಲ್ಲಿಂದ ತಂದ್ಕೊಡ್ಲಪ್ಪಾ?"

"ಅದು ನಿಮ್ಮಿಬ್ರ ವಿಷ್ಯ ಸಾರ್."

ಅವರು ಇಳಿದುಹೋದರು. ಮುನಿಆಂಜನಪ್ಪ ಹೊಸ್ತಿಲಲ್ಲೇ ಉಳಿದರು. "ನಿಮ್ ದುಡ್ಡು ತಿಂದು ನಾನೆಲ್ಲಿಗ್ ಹೋಗ್ಲಿ ದುರ್ಗೇಶಾ? ಎಲ್ಲಾ ಮೇಲಿನ ಮನೆಗೆ ಹಾಕ್ದೆ. ಅದು ಅರ್ಧಕ್ಕೆ ನಿಂತೋಯ್ತು. ಕಂಬಿ ತುಕ್ಕಿಡೀತಾ ಅವೆ."

"ಅಂದ್ರ ನಮ್ಮ ರೊಕ್ಕ ನಮ್ಮ ತಲೀ ಮ್ಯಾಲೇ ಅದ ಅನ್ರಿ," ಎಂದಳು ಜಟ್ಟೆಮ್ಮ. "ಹತ್ತಿ ನೋಡಿ ಬರ್ತೀನಿ ತಡೀರಿ. ಗಾರಿ ಸರಿಯಾಗಿ ಕಲಸ್ಯಾರೋ ಇಲ್ಲೋ."

"ಬೈಯಿ ತಾಯಿ, ಬೈಯಿ," ಎಂದರು ಮುನಿಆಂಜನಪ್ಪ. "ನನ್ ಹತ್ರ ಇಲ್ಲ. ಇದ್ದಿದ್ರೆ ಮಗು ಮುಖ ನೋಡಿಯಾದ್ರೂ ಕೊಡ್ತಿದ್ದೆ." ಒಂದೊಂದೇ ಮೆಟ್ಟಿಲು ಇಳಿದು ಹೋದರು. ಆ ಮಾತು ಸುಳ್ಳಲ್ಲವೆಂದು ಕಾವೇರಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ದುರ್ಗೇಶ ಹಾಲಿನ ಪ್ಯಾಕೆಟ್ಟನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ. ಹೆಂಡತಿಯ ಕಡೆ ತಿರುಗಿ, ಎಂದಿನಂತೆ ದನಿ ತಗ್ಗಿಸಿ, "ಇನಿ ವೇರೆ ವಳಿ ಇಲ್ಲೆ ಕಾವೇರಿ..." ಎಂದು ತಮಿಳಿನಲ್ಲಿ, ಇನ್ನು ಬೇರೆ ದಾರಿಯಿಲ್ಲವೆಂದು, ಶುರು ಮಾಡಿದ.

"ಕನ್ನಡದಲ್ಲೇ ಹೇಳ್ರೀ," ಎಂದಳು ಕಾವೇರಿ.

ದುರ್ಗೇಶ ಮಗಳ ಕಡೆ ನೋಡಿದ. ಮಗಳು ನೆಲ ನೋಡುತ್ತಿದ್ದಳು. ಇಷ್ಟು ದಿನ ಬೇರೆ ಭಾಷೆಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ಕನ್ನಡದಲ್ಲಿ ಒಂದಕ್ಷರವೂ ಹೊರಡಲಿಲ್ಲ. ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಟ್ಟು, "ಅಬ್ದುಲ್ ಹತ್ರ ಹೋಗ್ಬರ್ತೀನಿ, ಟಿಕೆಟ್ ಡೇಟ್ ಮುಂದಕ್ಕಾಗುತ್ತಾ ಕೇಳ್ತೀನಿ," ಎಂದು ಚಪ್ಪಲಿ ಮೆಟ್ಟಿದ. ಟಿಕೆಟ್ಟು ಮಾಡಿಸಿಕೊಡುವ ಅಬ್ದುಲ್ ಆಗುವುದಿಲ್ಲವೆಂದು ನಿನ್ನೆಯೇ ಹೇಳಿ ಆಗಿತ್ತು.

ಸ್ಕೂಲ್ ವ್ಯಾನ್ ಬರುವ ಹೊತ್ತು. ಕಾವೇರಿ ಮಗಳ ಹಿಂದೆ ಕೂತು ಮತ್ತೆ ಕೂದಲು ಹಿಡಿದಳು. ಎಣ್ಣೆ ಆರಿ ಎಳೆಗಳು ಗಂಟಾಗಿದ್ದವು. ನೋವಾಗದಂತೆ, ಕೆಳಗಿನಿಂದ ಸ್ವಲ್ಪಸ್ವಲ್ಪವೇ ಬಿಡಿಸತೊಡಗಿದಳು. ಬೆರಳು ಹೆಣೆಯುತ್ತಿದ್ದರೆ ತಲೆ ತನ್ನಷ್ಟಕ್ಕೆ ಕೂಡಿ ಕಳೆಯುತ್ತಿತ್ತು. ತಾನು ಉಳಿದರೆ ಕೆಲಸ ಹೋಯಿತು. ಕೂಸನ್ನು ಬಿಟ್ಟು ಹೋಗುವಂತಿಲ್ಲ. ಯಾರೂ ಹೋಗದಿದ್ದರೆ ಇಲ್ಲಿ ಉಣ್ಣುವುದೇನು? ಎಲ್ಲಿಂದ ಶುರು ಮಾಡಿದರೂ ಲೆಕ್ಕ ಬಂದು ನಿಲ್ಲುತ್ತಿದ್ದದ್ದು ತನ್ನ ಬೆರಳುಗಳ ನಡುವಿನ ಈ ಪುಟ್ಟ ತಲೆಯ ಮೇಲೆಯೇ.

ಮುಂದಿನ ವಾರದಿಂದ ಈ ಜಡೆ ಹಾಕುವವರು ಯಾರು? ಗಾರೆ ಹೊತ್ತು ಹೊತ್ತು ಅತ್ತೆಯ ಬೆರಳುಗಳು ಮಡಚಲು ಬಾರವು. ಕೂದಲನ್ನೇ ಕತ್ತರಿಸಿಬಿಡುತ್ತಾರೇನೋ.

ಆ ಮೂಲೆಯಲ್ಲಿ ಜಟ್ಟೆಮ್ಮ ಕೂಸನ್ನು ತಟ್ಟುತ್ತ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿತು. ಕಾವೇರಿ ರಿಬ್ಬನ್ ಕಟ್ಟಿ, "ಏಳು ಪುಟ್ಟಾ, ಲೇಟಾಯ್ತು," ಎಂದಳು.

ಸೌಂದರ್ಯಾ ಏಳಲಿಲ್ಲ. ಎರಡೂ ಜಡೆಗಳನ್ನು ಮುಂದಕ್ಕೆ ಹಾಕಿಕೊಂಡು, ಅಮ್ಮನ ಕಡೆ ತಿರುಗಿ, ಮನೆಯ ಮಾತಿನಲ್ಲೇ ಕೇಳಿದಳು.

"ಅಮ್ಮಾ, ಓನರ್ ತಾತ ದುಡ್ಡು ಕೊಡ್ಲೇ ಇಲ್ಲ ಅಂದ್ರೆ, ನೀವು ನನ್ನ ಕರ್ಕೊಂಡೋಗೋದೇ ಇಲ್ವಾ?"