ಸಾಬವ್ವ ನೋಡಿದ ಕಡೆ

ಕರಜಗಿಯ ಸರಕಾರಿ ಶಾಲೆಯಲ್ಲಿ ಸುಮಿತ್ರಾಬಾಯಿ ನಾಲ್ಕನೇ ಕ್ಲಾಸಿಗೆ ಕಲಿಸುತ್ತಿದ್ದರು. ತಾಯಿ ತಂದೆಯ ಸಂಗಡ ಕಬ್ಬು ಕಡಿಯಲು ಹೋಗಿ ಪಾಠದಲ್ಲಿ ಹಿಂದೆ ಬಿದ್ದಿದ್ದ ಅದೇ ಕ್ಲಾಸಿನ ಸಾಬವ್ವನಿಗೆ ಅವರು ಬೈದರೂ, ರಮಿಸಿದರೂ ಓದು ಹತ್ತಲಿಲ್ಲ. ಹೊಸದಾಗಿ ಬಂದ ದ್ರೌಪದಿ ಟೀಚರ್, "ನಮ್ಮ ಒಂದನೇ ಕ್ಲಾಸಿನ ಹುಡುಗ್ರಿಗೆ ಅಕ್ಷರ ತಿದ್ದಸಾಕ ಒಬ್ಬಾಕಿ ಬೇಕ್ರಿ" ಎಂದು ಅವಳನ್ನು ದಿನಾ ಒಂದು ತಾಸು ಪಕ್ಕದ ತಮ್ಮ ಕೋಣೆಗೆ ಕರೆದೊಯ್ಯತೊಡಗಿದರು. ಚಿಕ್ಕವರಿಗೆ ಹೇಳಿಕೊಡಲೆಂದು ಸಾಬವ್ವ ತಾನೇ ಮೊದಲು ಕಲಿಯತೊಡಗಿದಳು.

ಗೋಡೆಯಾಚೆ ಅವಳ ನಗು ಕೇಳಿದಾಗಲೆಲ್ಲ ಸುಮಿತ್ರಾಬಾಯಿ ಪಾಠದ ದನಿ ಏರಿಸುತ್ತಿದ್ದರು. ತಮ್ಮೆದುರು ಆ ಹುಡುಗಿ ಒಮ್ಮೆಯೂ ನಕ್ಕಿರಲಿಲ್ಲ.

ಒಂದು ದಿನ ತಡೆಯಲಾರದೆ ಸಾಬವ್ವನಿಗೆ, "ಏಳಬೇ, ಅಲ್ಲಿ ಏನ್ ಕಡದು ಕಟ್ಟಿ ಹಾಕೀದಿ, ಓದಿ ತೋರ್ಸು" ಎಂದರು. ತಡವರಿಸಲಿ ಎಂದೇ ಅವರ ಮನಸ್ಸಿನಲ್ಲಿತ್ತು. ಸಾಬವ್ವ ಇಡೀ ಪಾಠವನ್ನು ಸರಾಗ ಓದಿದಳು. ಮುಗಿಸಿ, ಶಾಭಾಸ್‌ಗಿರಿಗಾಗಿ ನೋಡಿದ್ದು ಮಾತ್ರ ಪಕ್ಕದ ಕೋಣೆಯ ಕಡೆ.

ಸುಮಿತ್ರಾಬಾಯಿಯೂ ಆ ಕಡೆ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ, ಓದು ಬಾರದೆ ತಲೆ ತಗ್ಗಿಸಿ ಕುಳಿತ ಭಗವಂತ ಎಂಬ ಹುಡುಗನನ್ನು ಕರೆದರು.

"ಹೋಗಿ ಒಂದನೇ ಕ್ಲಾಸಿನ ಸಣ್ಣ ಹುಡುಗ್ರನ್ನ ಪಾಟಿ ಬಳಪ ಸಮೇತ ಕರ್ಕೊಂಡು ಬಾರಲೇ. ನೀ ಅವರಿಗಿ ಕಲಿಸು. ಆದ್ರ ಅಲ್ಲಿ ಬ್ಯಾಡ. ಇಲ್ಲೇ, ನನ್ನ ಕಣ್ಣ ಮುಂದನ ಕಲಿಸು."