ಕೂಡಿಕೊಂಡ ಹೆಗಲು

ಎಷ್ಟು ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿದ್ದಾಳೆ ಮಗಳು ಅಂಗೈಗೆ, ಅಕ್ಕಿಹಿಟ್ಟಿನಲ್ಲಿ ಕೈಯದ್ದಿದ ಹಾಗೆ, ಚಪ್ಪಾಳೆ ತಟ್ಟಿದಳು, ಬಿಳಿ ಹೊಗೆ ಎದ್ದಿತು — ನೆರೂಳದ ಈ ಕಾಲೇಜು ಹಾಲಿನಲ್ಲಿ ಭಾರ ಎತ್ತುವ ಸ್ಪರ್ಧೆ, ಫ್ಯಾನು ತಿರುಗಿದರೂ ಸೆಕೆ, ಜಯಲತಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಅಗೋ, ಸೌಜನ್ಯ ಭಾರದ ರಾಡಿನೆದುರು ನಿಂತು ಎಡ ಹೆಗಲು ತಿರುಗಿಸುತ್ತಿದ್ದಾಳೆ, ನೋವುಂಟಾ, ಇಲ್ಲ, ಅದು ಅಭ್ಯಾಸ — ಹೋದ ವರ್ಷ ಇದೇ ಹೆಗಲು, ಸ್ನಾಯು ಹರಿದಿದೆ, ಕಾಯುವುದೇ ಮದ್ದು ಅಂದಿದ್ದರು ಡಾಕ್ಟ್ರು, ರಾಜ್ಯದ ಸೆಲೆಕ್ಷನ್ ಬಾಗಿಲಿಗೆ ಬಂದಿತ್ತು, ಆಗಲೇ ಅಲ್ಲವಾ ಆ ಟ್ರೈನರ್ ಸಮಿತ್, ಘೋಡಬಂದರ್ ರಸ್ತೆಯ ದೊಡ್ಡ ಜಿಮ್ಮಿನವನು, ಡೊಂಬಿವಲಿಯ ಮನೆಗೇ ಬಂದದ್ದು, ಥರ್ಮಸ್ಸಿನ ಮಂಜುಗಡ್ಡೆಯ ನಡುವೆ ಕಿರುಬೆರಳಿನಷ್ಟು ಸೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ, ಪೆಪ್ಟೈಡ್ ಆಂಟೀ, ಸ್ಟೆರಾಯ್ಡ್ ಅಲ್ಲ, ಹರಿದ ಸ್ನಾಯುವಿಗೆ ಕೂಡಿಕೋ, ಬೆಳೆ ಅಂತ ಹೇಳ್ತದೆ, ಅಷ್ಟೇ, ನೀರಲ್ಲಿ ಕರಗಿಸಿ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ, ಸೆಲೆಕ್ಷನ್ನಿಗೆ ರೆಡಿ. ಗಂಡ ದಯಾನಂದರು ಕಲ್ಯಾಣದ ಹೋಟೆಲಿನಿಂದ ಆಗಷ್ಟೇ ಬಂದಿದ್ದರು, ಕನ್ನಡಕ ಏರಿಸಿ ಸೀಸೆ ತಿರುಗಿಸಿದರು, ಮನುಷ್ಯರಿಗಲ್ಲ ಅಂತ ಬರೆದಿದೆಯಲ್ಲ ಮಾರಾಯ, ಅದು ಸುಮ್ಮನೆ ಬರೆಯೂದು ಅಂಕಲ್, ಡೋಪ್ ಟೆಸ್ಟಿನಲ್ಲಿ ಸಿಕ್ಕಿಬಿದ್ರೆ, ಎಲ್ರೂ ತಗೊಳ್ತಾರೆ ಅಂಕಲ್ — ಎಲ್ಲರ ಕಣ್ಣೂ ಸೌಜನ್ಯಳ ಮೇಲೆ, ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗಿ, ಅಂದು ಮಾತ್ರ ಬೊಡ್ಚಿ ಅಂದಳು, ಬೇಡ ಅಂದ್ರೆ ಬೇಡ, ಅದು ಕೂಡಿಸಿದ ಹೆಗಲಿಂದ ಎತ್ತಿದ್ರೆ, ಎತ್ತಿದ್ದು ಯಾರು ಅಂತ ನಂಗೇ ಗೊತ್ತಾಗುದಿಲ್ಲ.

ಸೆಲೆಕ್ಷನ್ ಹೋಯಿತು, ಬೇರೆ ಹುಡುಗಿ ಹೋದಳು, ಇವಳು ಹೆಗಲಿನ ವ್ಯಾಯಾಮ ಅಂತ ಗೋಡೆಯ ಮೇಲೆ ಎಡಗೈ ಬೆರಳು ಹತ್ತಿಸುತ್ತ ನಿಂತಳು, ಜೇಡದ ಹಾಗೆ, ಇವತ್ತು ಕ್ಯಾಲೆಂಡರಿನ ಮೊಳೆಯ ತನಕ, ನಾಳೆ ಇನ್ನೂ ಚೂರು ಮೇಲೆ, ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುವುದು ಕೇಳಿಸುತ್ತದೆ, ಕೇಳಿಸದ ಹಾಗೆ ಜಯಲತಾ ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಾಳೆ, ಜಡೆ ಹೆಣೆಯುತ್ತಾಳೆ, ಇಪ್ಪತ್ತು ದಾಟಿದ ಮಗಳಿಗೆ ಜಡೆ — ಆಮೇಲೊಂದು ಭಾನುವಾರ, ಸ್ಟೂಲು ಹುಡುಕುತ್ತಿದ್ದಳು ಜಯಲತಾ, ಬದಿಗೆ ಸರಿ ಅಮ್ಮ ಅಂತ ಮಗಳು ಹಿಂದಿನಿಂದ ಬಂದು ಮೇಲಿನ ಶೆಲ್ಫಿನ ದೊಡ್ಡ ಕುಕ್ಕರನ್ನು ಇಳಿಸಿಕೊಟ್ಟು ಹೋದಳು, ಎಡಗೈಯಲ್ಲಿ, ಅವಳಿಗೇ ಅರಿವಿಲ್ಲ, ಕುಕ್ಕರ್ ಎದೆಗವಚಿಕೊಂಡು ಜಯಲತಾ ಅಲ್ಲೇ ನಿಂತಳು, ಕೂಗಿ ಹೇಳಿದರೆ ದೃಷ್ಟಿಯಾದೀತು ಅಂತ ಬಾಯಿ ಬಿಡಲಿಲ್ಲ.

ಈಗ ಸೌಜನ್ಯ ಬಗ್ಗಿದಳು, ರಾಡು ಎದೆಗೆ ಬಂತು, ಒಂದು ಉಸಿರು, ದಯಾನಂದರು ಕಣ್ಣು ಮುಚ್ಚಿದ್ದಾರೆ, ನೋಡ್ರೀ, ನೋಡಿ ಮಾರಾಯ್ರೇ — ಮೇಲೆ, ಹೋಯಿತು ಮೇಲೆ, ಮೊಣಕೈ ಎರಡೂ ನೆಟ್ಟಗೆ, ತೀರ್ಪುಗಾರರ ಬಿಳಿ ದೀಪ, ಇನ್ನೊಂದು, ಮೂರೂ ಬಿಳಿ, ರಾಡು ಧಡ್ಡೆಂದು ನೆಲಕ್ಕೆ, ಚಿನ್ನ ಆಂಟೀ, ಚಿನ್ನ, ಯಾರೋ ಭುಜ ಅಲುಗಿಸುತ್ತಿದ್ದಾರೆ, ಹೌದಾ, ಹೌದು, ಆದರೆ ಜಯಲತಾಳ ಕಣ್ಣಲ್ಲಿ ರಾಡು ಇಳಿದೇ ಇಲ್ಲ, ಅಲ್ಲೇ ಮೇಲೆ, ಅದರಡಿ ಆ ಎಡತೋಳು, ನೆಟ್ಟಗೆ, ನಡುಗದೆ, ನನ್ನ ಮಗಳ ತೋಳು, ನೆಟ್ಟಗೆ —